ಹಲಗಲಿಯ ಹೆಸರು ಅಳಿಸಿದರು

ಡಿಸೆಂಬರ್ 11, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಶಾಲೆಯ ಹಲಗೆಯ ಮೇಲೆ ‘ಚರಿತ್ರೆಯಲ್ಲಿ ಈ ದಿನ’ ಬರೆಯುವುದು ನನ್ನ ಕೆಲಸ. ಇವತ್ತು ಬೆಳಿಗ್ಗೆ ಬರೆದೆ: ‘1857. ಬ್ರಿಟಿಷರಿಗೆ ಆಯುಧ ಒಪ್ಪಿಸಲು ಒಲ್ಲೆವೆಂದ ಹಲಗಲಿಯ ಬೇಡರನ್ನು ನಮ್ಮ ಮುಧೋಳದಲ್ಲಿ ಗಲ್ಲಿಗೇರಿಸಿದ ದಿನ.’ ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ಹೆಡ್ ಮಾಸ್ತರು ಅದನ್ನು ಅಳಿಸಿ, ಮೊಬೈಲು ನೋಡಿ ಬೇರೆ ಬರೆದಿದ್ದರು. ಇಂಗ್ಲೆಂಡಿನ ಎಂಟನೇ ಎಡ್ವರ್ಡ್ ಸಿಂಹಾಸನ ಬಿಟ್ಟ ದಿನ.

“ಪರೀಕ್ಷಾದಾಗ ಇಂಥಾವ ಕೇಳತಾರ್ರಿ ಮೇಡಂ. ಅದು ಊರಾಗಿನ ಮಾತು, ಮನ್ಯಾಗ ಹೇಳ್ಕೋತಾರ ಬಿಡ್ರಿ,” ಅಂದರು.

ಬಿಸಿಯೂಟದ ಮುದಕವ್ವ ಹಲಗಲಿಯ ಮಗಳು. ಅವಳಿಗೆ ಓದಲು ಬರುವುದಿಲ್ಲ. ಅವಳೂರಿನ ಹೆಸರು ಹಲಗೆಯ ಮೇಲೆ ಬರೆಯುತ್ತೇನೆಂದು ನಿನ್ನೆಯೇ ಹೇಳಿದ್ದರಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದಳು.

“ಎಲ್ಲೈತ್ರಿ ಅಕ್ಕೋರ, ನಮ್ಮೂರ ಹೆಸರು?”

ಯಾವುದಾದರೂ ಸಾಲು ತೋರಿಸಿ ಸುಳ್ಳು ಹೇಳಬಹುದಿತ್ತು. ಮನಸ್ಸು ಬರಲಿಲ್ಲ.

“ಅಳಿಸ್ಯಾರ, ಮುದಕವ್ವ. ಈಗ ಒಬ್ಬ ರಾಜಂದು ಬರದಾರ. ಮೆಚ್ಚಿದಾಕಿನ್ನ ಮದುವಿ ಆಗಾಕ ಗದ್ದಿಗಿ ಬಿಟ್ಟನಂತ.”

“ಅವತ್ತ ಸತ್ತನೇನ್ರಿ ಅಂವ?”

“ಇಲ್ಲ.”

“ನಮ್ಮವರು ಸತ್ತಾರ್ರಿ,” ಅಂದಳು. ದನಿ ಏರಿಸಲೂ ಇಲ್ಲ. ಅಡುಗೆಮನೆಗೆ ಹೋದಳು.

ಅವಳು ಜಗಳವಾಡಿದ್ದರೆ ನಾನು ಸಮಾಧಾನ ಹೇಳುತ್ತಿದ್ದೆನೇನೋ. ಸೀಮೆಸುಣ್ಣ ತೆಗೆದುಕೊಂಡು, ಎಲ್ಲರೆದುರು, ರಾಜನ ಕೆಳಗೆ ಮೊದಲಿಗಿಂತ ದಪ್ಪ ಅಕ್ಷರಗಳಲ್ಲಿ ಮತ್ತೆ ಬರೆದೆ. ಮಕ್ಕಳಿಂದ ಎರಡು ಸಲ ಗಟ್ಟಿಯಾಗಿ ಓದಿಸಿದೆ.

ನಾಳೆ ಹೆಡ್ ಮಾಸ್ತರಿಗೆ ಲಿಖಿತ ವಿವರಣೆ ಕೊಡಬೇಕಂತೆ. ಮುಧೋಳದಲ್ಲಿ ನಿಂತು ಮುಧೋಳದ ಮಾತು ಬರೆದಿದ್ದಕ್ಕೆ ವಿವರಣೆ. ‘ಮಾನ್ಯರೆ’ ಎಂದು ಬರೆದು ಒಂದು ಗಂಟೆಯಾಯಿತು. ಕಣ್ಣು ಎಳೆಯುತ್ತಿವೆ. ಏನು ಬರೆಯುತ್ತೇನೋ ಗೊತ್ತಿಲ್ಲ, ತಪ್ಪಾಯಿತು ಎಂದಂತೂ ಬರೆಯುವುದಿಲ್ಲ.