ಚಾಡಿಕೋರ ಡಬ್ಬ

ಮಾರ್ಚ್ 4

ಮತ್ತೆ ಕಡಿದುಹೋಯಿತು. ಅಮ್ಮ ಕೆಮ್ಮಲು ಶುರು ಮಾಡಿದ್ದು ಕೇಳಿಸಿತು, ಆಮೇಲೆ ಡಬ್ಬ ಗಪ್‌ಚಿಪ್. ಸೋಲ್ಡರಿಂಗ್ ಐರನ್ ಅಲ್ಲೇ ಬಿಟ್ಟು ಮಹಡಿಗೆ ಓಡಿದೆ. ಅಮ್ಮ ಎದ್ದು ಕೂತು ಆರಾಮಾಗಿ ನೀರು ಕುಡಿಯುತ್ತಿದ್ದಳು. ಏದುಸಿರು ಬಿಡುತ್ತಿದ್ದವಳು ನಾನು.

ನ್ಯುಮೋನಿಯಾ ಬಂದುಹೋದ ಮೇಲೆ, ಕಫ ಕಟ್ಟಿದರೆ ಅವಳಿಗೆ ಕೂಗಲು ಆಗುವುದಿಲ್ಲ. ತಕ್ಷಣ ಎಬ್ಬಿಸಿ ಕೂರಿಸಿ ಬೆನ್ನು ತಟ್ಟಬೇಕು. ಅದಕ್ಕೇ ಈ ಏರ್ಪಾಡು — ಅವಳ ತಲೆದೆಸೆಯಲ್ಲಿ ಮೈಕ್ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್, ಕೆಳಗೆ ನನ್ನ ಕೆಲಸದ ಕೋಣೆಯಲ್ಲಿ ಸ್ಪೀಕರ್ ಡಬ್ಬ, ನಡುವೆ ವೈಫೈ. ಅಮ್ಮ ಅದಕ್ಕೆ ಚಾಡಿಕೋರ ಎಂದು ಹೆಸರಿಟ್ಟಿದ್ದಾಳೆ. ಸೀನಿದರೂ ನಿನಗೆ ವರದಿ ಹೋಗುತ್ತದೆ ಎಂದು ಗೊಣಗಾಟ.

ಮಾರ್ಚ್ 5

ವೈಫೈ ಚಿಪ್ಪಿನ ಪವರ್ ಸೇವ್ ಆಫ್ ಮಾಡಿದೆ — ಕೆಲಸವಿಲ್ಲದಾಗ ತೂಕಡಿಸುವ ಚಾಳಿ ಅದಕ್ಕೆ. ಸ್ವಲ್ಪ ವಾಸಿ.

ಅಣ್ಣ ಫೋನ್ ಮಾಡಿದ್ದ. ನರ್ಸ್‌ಗಳಿರುವ ಆರೈಕೆ ಕೇಂದ್ರಕ್ಕೆ ಸೇರಿಸೋಣ ಎಂದು ಅದೇ ರಾಗ. ನಾನಿದ್ದೇನಲ್ಲ ಎಂದೆ.

"ಅವಳ ಹತ್ರ ಇರೋದು ನೀನಲ್ಲ, ನಿನ್ನ ಡಬ್ಬ," ಎಂದ.

ಒಂದು ವೈರ್ ಎಳೆದರೆ ಮುಗಿಯಿತಲ್ಲ ಎಂದೂ ಹೇಳಿದ. ಮೈ ಉರಿಯಿತು. ಇಷ್ಟು ವರ್ಷ ವೈರ್‌ಲೆಸ್ ಸ್ಪೀಕರ್ ಮಾಡಿ ಹೊಟ್ಟೆ ಹೊರೆದವಳು ಹೆತ್ತಮ್ಮನ ಕೋಣೆಗೆ ವೈರ್ ಎಳೆಯಬೇಕಂತೆ.

ಮಾರ್ಚ್ 9

ಮೈಕ್ರೋವೇವ್ ಓಡುವಾಗೆಲ್ಲ ಸದ್ದು ಕಡಿಯುತ್ತದೆ. ವೈಫೈ ಚಾನೆಲ್ ಬದಲಿಸಿದೆ. ಅಮ್ಮನ ಕೋಣೆಯ ಕಬ್ಬಿಣದ ಬೀರು ಸರಿಸಿದೆ. ಆದರೂ ಆಗೊಮ್ಮೆ ಈಗೊಮ್ಮೆ, ಕಾರಣವೇ ಇಲ್ಲದೆ, ಒಂದು ಉಸಿರಿನಷ್ಟು ಹೊತ್ತು ಸದ್ದು ಮಾಯ. ಅಷ್ಟು ಹೊತ್ತೂ ನಾನು ಉಸಿರು ಬಿಗಿಹಿಡಿದು ಕೂತಿರುತ್ತೇನೆ.

ಮಾರ್ಚ್ 10, ಸಂಜೆ

ಸರಿಹೋಯಿತು. ಕಂಪನಿಯಲ್ಲಿ ಹಾಡಿಗೆ ಮಾಡುವುದನ್ನೇ ಇಲ್ಲೂ ಮಾಡಿದೆ — ಸದ್ದು ಬಾರದಿದ್ದರೆ ಡಬ್ಬ ಕೊನೆಗೆ ಬಂದ ತುಣುಕನ್ನೇ ಮತ್ತೆ ನುಡಿಸಿ ತೂತು ಮುಚ್ಚುತ್ತದೆ. ಒಂದು ಪೂರ್ತಿ ಉಸಿರು, ಅಂಚು ಗೊತ್ತಾಗದಂತೆ ಬೆಸೆದಿದ್ದೇನೆ. ಎಷ್ಟೋ ದಿನದ ಮೇಲೆ ಮಧ್ಯಾಹ್ನವಿಡೀ ನೆಮ್ಮದಿಯಾಗಿ ಕೆಲಸ ಮಾಡಿದೆ.

ಮಾರ್ಚ್ 16, ಮಧ್ಯಾಹ್ನ



ಡಬ್ಬದಲ್ಲಿ ಅಮ್ಮ ನಿದ್ದೆ ಮಾಡುತ್ತಿದ್ದಳು — ಎಳೆದುಕೊಳ್ಳುವ ಉಸಿರು, ಕೊನೆಯಲ್ಲಿ ಸಣ್ಣ ಸಿಳ್ಳೆ. ಹಿಂದಿನಿಂದ ಯಾರೋ ಭುಜ ಮುಟ್ಟಿದರು. ತಿರುಗಿದರೆ ಅಮ್ಮ. ಬೋರ್ಡಿನ ದೀಪ ಕಣ್ಣಿಗೆ ಹೊಡೆಯುತ್ತದೆಂದು ಪ್ಲಗ್ ಕಿತ್ತಿಟ್ಟು, ಗೋಡೆ ಹಿಡಿದುಕೊಂಡು ತಾನೇ ಮೆಟ್ಟಿಲಿಳಿದು ಬಂದಿದ್ದಾಳೆ.

ಡಬ್ಬ ಉಸಿರಾಡುತ್ತಲೇ ಇತ್ತು. ಉಸಿರು, ಸಿಳ್ಳೆ. ಉಸಿರು, ಸಿಳ್ಳೆ.

ಬಗ್ಗಿ ಕಿವಿಗೊಟ್ಟು ಕೇಳಿದಳು. ಬಹಳ ಹೊತ್ತು.

"ನಾನು ಇಲ್ಲಿದ್ದೀನಿ," ಎಂದಳು. "ಹಾಗಾದ್ರೆ ಮೇಲೆ ಮಲಗಿರೋದು ಯಾರು?"

ನಗಿಸಲು ನೋಡಿದೆ. ನಗಲಿಲ್ಲ. ಅವಳ ಕೈ ತಣ್ಣಗಾಗಿತ್ತು.

ಅದೇ ದಿನ, ಸಂಜೆ

ಅಮ್ಮನನ್ನು ಮೇಲೆ ಮಲಗಿಸಿ, ಬೋರ್ಡಿನ ಪ್ಲಗ್ ಮತ್ತೆ ಹಾಕಿ ಬಂದೆ. ತಪ್ಪು ನನ್ನದೇ. ಹಾಡಿನಲ್ಲಿ ತೂತು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆ ಅಭ್ಯಾಸಬಲದಲ್ಲಿ ಎಷ್ಟು ಹೊತ್ತು ಮುಚ್ಚಬೇಕೆಂದು ಮಿತಿಯೇ ಹಾಕಿರಲಿಲ್ಲ. ಈಗ ಡಬ್ಬದ ಸೆಟ್ಟಿಂಗ್ಸ್ ಫೈಲಿನಲ್ಲಿ ಬರೆದೆ — ಒಂದು ಸೆಕೆಂಡ್ ಮಾತ್ರ, ಆಮೇಲೆ ಅಲಾರಂ. ಸೇವ್ ಮಾಡಿದೆ. ಇನ್ನು ಡಬ್ಬ ರೀಸ್ಟಾರ್ಟ್ ಮಾಡಿದರೆ ಜಾರಿಗೆ ಬರುತ್ತದೆ. ಅಮ್ಮ ಮೇಲಿಂದ ಕರೆಯುತ್ತಿದ್ದಾಳೆ, ಒಬ್ಬಳೇ ಇರಲು ಹೆದರಿಕೆಯಂತೆ. ಹೋಗುತ್ತೇನೆ.

ಮಾರ್ಚ್ 25

ಅಲಾರಂ ಒಮ್ಮೆಯೂ ಹೊಡೆದಿಲ್ಲ. ಅಂದರೆ ಕನೆಕ್ಷನ್ ಗಟ್ಟಿಯಾಗಿದೆ.

ಅಮ್ಮನಿಗೆ ಮಾತ್ರ ಡಬ್ಬದ ಮೇಲಿನ ನಂಬಿಕೆ ಹೋಗಿದೆ. ಮಲಗುವ ಮುಂಚೆ ದಿನಾ ಮೈಕಿನ ಹತ್ತಿರ ಬಾಯಿಟ್ಟು ಹೇಳುತ್ತಾಳೆ, "ಇದು ನಾನೇ ಕಣೇ." ಕೆಳಗೆ ನಾನೊಬ್ಬಳೇ ನಗುತ್ತೇನೆ. ನಕ್ಕ ಮೇಲೆ ಯಾಕೋ ಸಂಕಟವಾಗುತ್ತದೆ.

ಮಾರ್ಚ್ 27, ಮಧ್ಯಾಹ್ನ

ಅಣ್ಣ ಬಂದಿದ್ದಾನೆ. ಅಮ್ಮನನ್ನು ಕಣ್ಣಾರೆ ನೋಡಿ ತೀರ್ಮಾನ ಮಾಡುತ್ತಾನಂತೆ. ಮೊದಲು ಡಬ್ಬಕ್ಕೆ ಕಿವಿಗೊಡು ಎಂದೆ. ಕೆಮ್ಮಿಲ್ಲ, ಗೊರಗೊರ ಇಲ್ಲ.

"ಚೆನ್ನಾಗೇ ಇದ್ದಾಳಲ್ಲೇ," ಎಂದ.

ನನಗೆ ಜಂಬ. ಮೆಲ್ಲಗೆ ಎಬ್ಬಿಸು ಎಂದು ಹೇಳಿ ಮೇಲೆ ಕಳಿಸಿದೆ. ಅವಳ ತಲೆಗೆ ಏನು ತುಂಬುತ್ತಾನೋ ಇಲ್ಲಿಂದಲೇ ಕೇಳುತ್ತೇನೆ. ಚಾಡಿಕೋರ ಇರುವುದೇ ಅದಕ್ಕೆ.

ಮೆಟ್ಟಿಲು ಹತ್ತಿದ. ಅಮ್ಮನ ಬಾಗಿಲು ಕಿರುಗುಟ್ಟಿತು, ಚಾವಣಿಯ ಮೂಲಕ ಕೇಳಿಸಿತು.

ಡಬ್ಬದಲ್ಲಿ ಕೇಳಿಸಲಿಲ್ಲ.

ಅವನ ಹೆಜ್ಜೆ ನೇರ ನನ್ನ ತಲೆಯ ಮೇಲೆ. ಡಬ್ಬದಲ್ಲಿ ಬರೀ ಉಸಿರು, ಸಿಳ್ಳೆ. ಉಸಿರು, ಸಿಳ್ಳೆ. ಎಲ್ಲ ಒಂದೇ ಅಳತೆ.

ಇವತ್ತು ಮಲಗುವಾಗ ಹೇಳಿದಳಾ, ಇದು ನಾನೇ ಅಂತ? ... ನೆನಪಾಗುತ್ತಿಲ್ಲ. ಅವತ್ತು ಫೈಲ್ ಸೇವ್ ಮಾಡಿದೆ. ಅಮ್ಮ ಕರೆದಳು. ಹೋದೆ. ಆಮೇಲೆ ರೀಸ್ಟಾರ್ಟ್ —

ಅಣ್ಣ ಕೂಗುತ್ತಿದ್ದಾನೆ. ಚಾವಣಿಯ ಮೂಲಕ ಕೇಳಿಸುತ್ತಿದೆ. ಡಬ್ಬದಲ್ಲಿ ಅಮ್ಮ ಇನ್ನೂ ನಿದ್ದೆ ಮಾಡು