ಉಗುರಿಗೆ ಸಿಗದ ಗೀರು

ಲೇತ್ ಶೆಡ್ಡಿನ ಮೇಲಿನ ಕೋಣೆ,
ಹದಿನೇಳನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

'ನಯವೆಂಬುದು ಮಾಗಿದ ಗಾಯ' ಎಂದೋ 'ಮರೆತ ಗಾಯ' ಎಂದೋ ಒಂದು ಸಾಲು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದ್ದೋ ನೆನಪಿಲ್ಲ. ಎಂ.ಎ. ಓದುವಾಗ ಇಂಥದ್ದಕ್ಕೆಲ್ಲ ತಲೆದೂಗುತ್ತಿದ್ದೆ. ಈಗ ಸಾಲೇ ಸುಳ್ಳೆನಿಸುತ್ತದೆ. ಲೇತಿನಿಂದ ಇಳಿದ ಉಕ್ಕು ಎಷ್ಟೇ ಹೊಳೆಯಲಿ, ಅದರ ಮೈತುಂಬ ಗೀರುಗಳೇ. ಮಾಗಿದ್ದೂ ಇಲ್ಲ, ಮರೆತದ್ದೂ ಇಲ್ಲ. ಇರಲಿ. ನಿನ್ನ ಸೊಂಟನೋವು ಹೇಗಿದೆ? ಆ ಕಾರ್ಖಾನೆಯಲ್ಲಿ ಕೂರಲು ಒಂದು ಸ್ಟೂಲಾದರೂ ಕೊಟ್ಟಿದ್ದಾರೆಯೇ? ನಲವತ್ತೆಂಟಕ್ಕೆ ನನ್ನ ಕನ್ನಡಕದ ನಂಬರು ಮತ್ತೆ ಏರಿದೆ, ಉಳಿದಂತೆ ಇದ್ದೇನೆ.

ಸುದ್ದಿ ಒಳ್ಳೆಯದಲ್ಲ. ಪಂಪು ತಯಾರಿಸುವವರು ಹೋದ ವಾರ ನಲವತ್ತು ಶಾಫ್ಟುಗಳನ್ನೂ ವಾಪಸ್ ಕಳಿಸಿದರು. ಕಾಯಿಸಿ, ಹದ ಕೊಟ್ಟು ಗಟ್ಟಿ ಮಾಡಿದ ಉಕ್ಕು. ಎಣ್ಣೆ ತಡೆಯುವ ಸೀಲು ಕೂರುವ ಜಾಗ ಒರಟಾಗಿದೆ, ಎಣ್ಣೆ ಸೋರುತ್ತದೆ ಎಂದು ಚೀಟಿ. ಇದು ಮೂರನೇ ಸಲ, ಇನ್ನು ಕೆಲಸ ಕೊಡುವುದಿಲ್ಲವಂತೆ. ನಮಗೆ ಉಳಿದಿದ್ದ ಗಿರಾಕಿ ಅವರೊಬ್ಬರೇ. ಎರಡು ವರ್ಷದ ಹಿಂದೆ ನೀನೂ ಅಪ್ಪನೂ ಕಿತ್ತಾಡಿದ್ದು ಇದಕ್ಕೇ ಅಲ್ಲವೇ? ಒರಟು ಬಂದಾಗಲೆಲ್ಲ ಅಪ್ಪ ಲೇತ್ ಸುತ್ತುವ ಸ್ಪೀಡು ತಗ್ಗಿಸುತ್ತಿದ್ದರು. ಗಟ್ಟಿ ಲೋಹಕ್ಕೆ ನಿಧಾನ ಎನ್ನುವುದು ಹಳೆಯ ಟೂಲುಗಳ ಕಾಲದ ಅಭ್ಯಾಸ. ಸ್ಪೀಡು ಏರಿಸಿ, ಫೀಡು ಇಳಿಸಿ ಎಂದೆ ನೀನು. "ನಿನ್ನೆ ಮೊನ್ನೆ ಹುಟ್ಟಿದೋನು ನಂಗೆ ಲೇತ್ ಕಲಿಸ್ತೀಯೇನೋ" ಎಂದರು. ಆ ಸಂಜೆಯೇ ನೀನು ಹೊರಟುಬಿಟ್ಟೆ.

ಕವಿತೆ ಓದುವವಳಿಗೇಕೆ ಈ ಉಸಾಬರಿ ಎಂದು ನಗಬೇಡ. ಅಪ್ಪ ಹೊರಗೆ ಹೋದ ಮಧ್ಯಾಹ್ನಗಳಲ್ಲಿ ವಾಪಸ್ ಬಂದ ಶಾಫ್ಟುಗಳನ್ನೇ ಲೇತಿಗೇರಿಸಿ ನೋಡಿದೆ. ಚಿಕ್ಕಂದಿನಲ್ಲಿ ಕಲಿತದ್ದನ್ನು ಕೈ ಮರೆತಿರಲಿಲ್ಲ. ಒರಟು ಅಳೆಯುವ ಮಾಪಕ ಎರವಲು ತಂದಿದ್ದೆ. ಶಾಫ್ಟು ಒಂದು ಸಲ ಸುತ್ತುವಷ್ಟರಲ್ಲಿ ಕೆತ್ತುವ ಟೂಲು ಮುಂದೆ ಸರಿಯುವ ದೂರವನ್ನು, ಅಂದರೆ ಫೀಡನ್ನು, ಅರ್ಧಕ್ಕಿಳಿಸಿದರೆ ಗೀರಿನ ಆಳ ಹೆಚ್ಚುಕಡಿಮೆ ಕಾಲು ಭಾಗಕ್ಕಿಳಿಯಿತು. ಎಷ್ಟು ದಪ್ಪ ಕೆತ್ತುತ್ತೇವೆ ಎಂಬುದರಿಂದ ಅಂಥ ವ್ಯತ್ಯಾಸವಿಲ್ಲ. ಸ್ಪೀಡು ಏರಿಸಿದರೆ ಮೈ ನಯವಾಗುತ್ತದೆ; ತೀರಾ ಏರಿಸಿದರೆ ಟೂಲಿನ ಮೂಗು ಸವೆದು ಮತ್ತೆ ಒರಟು. ನೀನು ಹೇಳಿದ್ದೇ ಸರಿ.

ಸರಿ ಎಂದು ತಿಳಿದು ಏನು ಬಂತು? ಮೊನ್ನೆ ನನ್ನ ಎರಡು ತುಂಡು, ಅಪ್ಪನದೊಂದು ಒರಟು ತುಂಡು ಅವರ ಮುಂದಿಟ್ಟೆ. ಮಾಪಕವನ್ನು ಅವರು ನಂಬುವವರಲ್ಲ, ನಿನಗೆ ಗೊತ್ತು. ಹೆಬ್ಬೆರಳ ಉಗುರನ್ನು ಅಡ್ಡಕ್ಕೆ ಎಳೆಯುವುದು, ಗೀರು ಸಿಕ್ಕರೆ ತಳ್ಳುವುದು, ಸಿಗದಿದ್ದರೆ ಪಾಸು. ಮೂರಕ್ಕೂ ಎಳೆದರು. ಆ ಒರಟನ್ನೇ ಎತ್ತಿ ಹಿಡಿದು "ಇದು ನೋಡು, ಕನ್ನಡಿ" ಎಂದರು. ಸಕ್ಕರೆ ಕಾಯಿಲೆ ಬೆರಳ ತುದಿಗಳ ಸ್ಪರ್ಶವನ್ನೇ ತಿಂದುಹಾಕಿದೆ ತಮ್ಮಾ. ಸ್ಪೀಡು, ಫೀಡು ಎಲ್ಲ ಬರೆದಿಟ್ಟ ನೋಟ್‌ಬುಕ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಹೌದಪ್ಪಾ ಎಂದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಭಾರ ಎತ್ತಬೇಡ.

ನಿನ್ನ
ಅಕ್ಕ

ಮರೆತಿದ್ದೆ: ಅಪ್ಪನಿಗೊಂದು ಕಾಗದ ಬರೆ. ಈ ಸಲ ಬಂದ ಉಕ್ಕೇ ಕೆಟ್ಟದ್ದು, ನಮ್ಮ ಕಾರ್ಖಾನೆಯಲ್ಲೂ ಹೀಗೇ ಆಗುತ್ತಿದೆ ಎಂದು ಸುಳ್ಳು ಬರೆ. ಕೈ ಹೋಗಿದೆ ಎಂದು ಅವರಿಗೆ ತಿಳಿಯುವುದು ಬೇಡ. ಇಷ್ಟು ಬರೆಯುವಷ್ಟರಲ್ಲಿ ಪಕ್ಕದ ಮನೆಯ ಟೈಲರಮ್ಮ ಬಂದು ಬಾಗಿಲಲ್ಲೇ ನಿಂತು ಹೇಳಿದರು: "ನಿಮ್ಮಪ್ಪ ಆರು ತಿಂಗಳಿಂದ ದಿನಾ ಒಂದು ಶಾಫ್ಟ್ ನಮ್ಮನೆಗೆ ತಂದು, 'ನನ್ ಕೈಗೆ ಗೊತ್ತಾಗಲ್ಲ, ನೀನು ಉಗುರಲ್ಲಿ ಎಳೆದು ಹೇಳಮ್ಮಾ' ಅಂತಿದ್ರು. ಅವರಿಗೆ ಬೇಜಾರಾಗ್ಬಾರ್ದು ಅಂತ ನಾನೂ ಎಲ್ಲದಕ್ಕೂ ನಯವಾಗಿದೆ ಅಂತಿದ್ದೆ. ಇವತ್ತು ಬರಿಗೈಲಿ ಬಂದು ಕೂತವರೆ ಅಕ್ಕಾ, ಮನೆಗೆ ಹೋಗಿ ಅಂದ್ರೂ ಏಳ್ತಾನೇ ಇಲ್ಲ."