ನಾನೇ ಬೀಗ ಹಾಕಿದ ಚಿಪ್

ದರ್ಜಿ ಅಂಗಡಿಯ ಮುಂಗೋಣೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಸಂಜೆ

ಪ್ರೀತಿಯ ಚೂಟಿ,

ಹೇಗಿದ್ದೀಯಮ್ಮಾ? ಬೆಟ್ಟದ ತುದಿಯ ಆ ಹವಾಮಾನ ಕೇಂದ್ರದಲ್ಲಿ ಗಾಳಿ ಅಳೆಯುತ್ತಾ ಕೂತು ನೆಗಡಿ ತಂದುಕೊಂಡಿಲ್ಲ ತಾನೇ? ಕಿವಿಗೆ ಬಟ್ಟೆ ಕಟ್ಟಿಕೋ. ಅಲ್ಲಿಗೆ ಫೋನು ಸಿಗುವುದಿಲ್ಲವಾದ್ದರಿಂದ ನನ್ನ ಮುತ್ತಿನಂಥ ಅಕ್ಷರ ನೋಡುವ ಭಾಗ್ಯ ನಿನ್ನದು. ನಿಮ್ಮಮ್ಮ ಚೆನ್ನಾಗಿದ್ದಾಳೆ, ತಮ್ಮನಾದ ನನ್ನನ್ನು ಬೈಯುವಷ್ಟು ಚೆನ್ನಾಗಿ. ನಿಮ್ಮಪ್ಪನ ಮಂಡಿನೋವು ಇದ್ದ ಹಾಗೇ ಇದೆ, ಅದಕ್ಕೆ ಕಾರಣ ನಾನಂತೆ. ಇನ್ನು ಸುದ್ದಿ. ಕೂತಿದ್ದರೆ ಎದ್ದು ನಿಂತು ಓದು: ಏಳನೇ ಕ್ಲಾಸು ಓದಿದ ನಿನ್ನ ಮಾವ ಕಂಪ್ಯೂಟರ್ ಮಾಡಿಬಿಟ್ಟ! ನಲವತ್ತು ವರ್ಷದ ಹಿಂದೆ ಬರುತ್ತಿದ್ದವಲ್ಲ, ಹಳೇ ಟೀವಿಗೆ ಜೋಡಿಸುವಂಥವು, ಅಂಥದ್ದು. ಒಂದೊಂದು ತಂತಿಯನ್ನೂ ಈ ಕೈಯೇ ಬೆಸುಗೆ ಹಾಕಿದ್ದು.

ಹೋದ ವಾರ ನಿಮ್ಮಪ್ಪ ಗಡುವು ಕೊಟ್ಟಿದ್ದರು. ಅಂಗಡಿಯ ದೊಡ್ಡ ಮೇಜನ್ನು ನಾನು ಆರು ತಿಂಗಳಿಂದ ಆಕ್ರಮಿಸಿದ್ದೆನಲ್ಲ, ಅದಕ್ಕೆ. "ಭಾನುವಾರ ಮಧ್ಯಾಹ್ನದೊಳಗೆ ನಿನ್ನ ಟೀವಿ ಮೇಲೆ ನಾಲ್ಕಕ್ಷರ ಸರಿಯಾಗಿ ಬರದಿದ್ರೆ ಮೇಜು ನಂಗೆ, ನಿನ್ನ ತಂತಿಗಂಟು ಅಟ್ಟಕ್ಕೆ. ನೆಲದ ಮೇಲೆ ಕೂತು ಬಟ್ಟೆ ಕತ್ತರಿಸಿ ಕತ್ತರಿಸಿ ಮಂಡಿ ಹೋಯ್ತು ಕಣಯ್ಯಾ" ಅಂದರು. ಭಾನುವಾರವೇಕೆ, ಶುಕ್ರವಾರಕ್ಕೇ ತೋರಿಸುತ್ತೇನೆ ಅಂದೆ. ನನ್ನ ಬಾಯಿ ನಿನಗೆ ಗೊತ್ತಲ್ಲ.

ನೀನು ರಜೆಗೆ ಬಂದಾಗ ಕೊಟ್ಟುಹೋದ ಚಿಪ್ಪುಗಳಿದ್ದವಲ್ಲ, ಹುಟ್ಟುವಾಗ ಏನೂ ತಿಳಿಯದ, ನಾವು ನಿಯಮ ಬರೆದು ತುಂಬಿದರಷ್ಟೇ ಬುದ್ಧಿ ಬರುವಂಥವು? ಅದರಲ್ಲೊಂದಕ್ಕೆ ಈ ಯಂತ್ರದ ಯಜಮಾನಿಕೆ ಕೊಟ್ಟೆ. ಪ್ರೊಸೆಸರು ಒಂದು ವಿಳಾಸ ಕೂಗಿದಾಗ ಓಗೊಡಬೇಕಾದ್ದು ಮೆಮೊರಿಯೋ, ಪರದೆಯೋ, ಕೀಬೋರ್ಡೋ ಎಂದು ತೀರ್ಮಾನಿಸುವುದು ಅದೇ. ನಿಯಮ ಬರೆದು ತುಂಬಿದೆ. ಸಾಲದ್ದಕ್ಕೆ ಬೀಗವನ್ನೂ ಹಾಕಿದೆ. ಬೀಗ ಬಿದ್ದರೆ ಒಳಗಿನ ನಿಯಮವನ್ನು ಯಾರೂ ಮತ್ತೆ ಓದಲಾಗದು, ಬರೆದವನೂ ಸಹ. ಎದುರಂಗಡಿಯ ರೇಡಿಯೊ ರಿಪೇರಿಯವನು ದಿನಕ್ಕೆ ಮೂರು ಸಲ ಇಣುಕುತ್ತಿದ್ದನಮ್ಮಾ, ನನ್ನ ವಿದ್ಯೆ ಕದ್ದುಬಿಟ್ಟರೆ? ಅದೇ ಭಯಕ್ಕೆ ಬರೆದ ಹಾಳೆಯನ್ನು ಚೂರುಚೂರು ಮಾಡಿದೆ, ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಯನ್ನೂ ಅಳಿಸಿದೆ. ಗುಟ್ಟೆಂದರೆ ಅದು ಗುಟ್ಟು.

ಶುಕ್ರವಾರ ಚಾಲೂ ಮಾಡಿದರೆ, ಕೀಬೋರ್ಡಿನ ಯಾವ ಗುಂಡಿ ಒತ್ತಿದರೂ ಪರದೆಯ ಮೇಲೆ ಇರುವೆ ಹರಿದಂತೆ ಏನೇನೋ ಗೀಚು! ತಪ್ಪು ನಿಯಮದಲ್ಲಿದೆ, ನಿಯಮ ಬೀಗದೊಳಗಿದೆ, ನಾನು ಏನು ಬರೆದಿದ್ದೆನೋ ನನಗೇ ನೆನಪಿಲ್ಲ. ನಿಮ್ಮಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತು, "ಲೋ, ನಿನ್ನಿಂದ್ಲೇ ನಿನ್ ಗುಟ್ಟು ಮುಚ್ಚಿಟ್ಟೋನು ನೀನೊಬ್ನೇ ಕಣೋ" ಅಂತ ನಕ್ಕಳು.

ಸೋಲುತ್ತೇನೆಯೇ ನಾನು? ಬೀಗ ಒಡೆಯಲಾಗದಿದ್ದರೇನು, ಕೇಳಿ ಕೇಳಿ ಬಾಯಿ ಬಿಡಿಸಬಹುದಲ್ಲ! ಚಿಪ್ಪಿಗೆ ಹೋಗುವ ಆರು ವಿಳಾಸದ ತಂತಿಗೆ ಆರು ಸ್ವಿಚ್ಚು, ಅದರಿಂದ ಹೊರಡುವ ತಂತಿಗಳಿಗೆ ದೀಪ ಜೋಡಿಸಿದೆ. ಸ್ವಿಚ್ಚುಗಳನ್ನು ಅರವತ್ತನಾಲ್ಕು ಬಗೆಯಲ್ಲಿ ಇಡಬಹುದು; ಪ್ರತಿ ಸಲ ಯಾವ ದೀಪ ಹತ್ತಿತು ಎಂದು ಬರೆದುಕೊಂಡರಾಯಿತು. ನಿಮ್ಮಮ್ಮ ಸ್ವಿಚ್ಚು ಹಾಕಿದಳು, ನಾನು ದೀಪ ಕೂಗಿದೆ. ಬರೆಯಲು ಯಾರೂ ಇಲ್ಲದೆ ನಿಮ್ಮಪ್ಪನೇ ಗೊಣಗುತ್ತಾ ಬಟ್ಟೆಯ ಮಾದರಿ ಕತ್ತರಿಸುವ ಕಂದು ಕಾಗದ ಹರಡಿ, ಸೀಮೆಸುಣ್ಣದಲ್ಲಿ ಗುರುತು ಹಾಕತೊಡಗಿದರು. ಅರವತ್ತನಾಲ್ಕೂ ಮುಗಿದ ಮೇಲೆ ನಾನು ತಲೆ ಕೆರೆದುಕೊಳ್ಳುತ್ತಿದ್ದರೆ, ಅವರು ಕಾಗದದ ಮೇಲೆ ಅಂಗೈ ಆಡಿಸಿ ಒಂದು ಕಡೆ ಬೆರಳಿಟ್ಟರು. "ಇಲ್ನೋಡಯ್ಯಾ, ಈ ನಾಲ್ಕು ಸಾಲಲ್ಲಿ ಎರಡೆರಡು ದೀಪ ಹತ್ತಿದೆ. ತೋಳಿಗೆ ಬಿಟ್ಟ ಬಟ್ಟೇಲೇ ಜೇಬನ್ನೂ ಕತ್ತರಿಸಿದ್ದೀಯ."

ಹೌದಮ್ಮಾ! ಕೀಬೋರ್ಡಿಗೆ ಕೊಟ್ಟ ಜಾಗವನ್ನು ಮೆಮೊರಿಗೂ ಕೊಟ್ಟಿದ್ದೆ. ಇಬ್ಬರೂ ಒಟ್ಟಿಗೆ ಓಗೊಟ್ಟು ಗದ್ದಲ. ಬೀಗ ಅಡ್ಡಿಯಾಗುವುದು ಓದುವುದಕ್ಕಷ್ಟೇ, ಪೂರ್ತಿ ಅಳಿಸುವುದಕ್ಕಲ್ಲ; ಚಿಪ್ಪನ್ನು ಅಳಿಸಿ, ಆ ನಾಲ್ಕು ಸಾಲನ್ನು ಮೆಮೊರಿಯಿಂದ ಬಿಡಿಸಿ, ನಿಯಮ ಹೊಸದಾಗಿ ಬರೆದು ತುಂಬಿದೆ. ಇಂದು ಬೆಳಗ್ಗೆ ಹನ್ನೊಂದೂ ಮುಕ್ಕಾಲಿಗೆ, ನಿಮ್ಮಮ್ಮ, ರೇಡಿಯೊದವನು, ಪ್ಯಾಂಟು ಒಯ್ಯಲು ಬಂದಿದ್ದ ದಪ್ಪನೆಯ ಗಿರಾಕಿ ಎಲ್ಲರ ಎದುರು ನಿಮ್ಮಪ್ಪ ಒಂದೇ ಬೆರಳಲ್ಲಿ ಗುಂಡಿ ಒತ್ತಿದರು. ಪರದೆಯ ಮೇಲೆ ಬೆಳ್ಳಗೆ ಮೂಡಿತು: SONTA 46. ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು "ಅದನ್ನ ಅಳಿಸ್ರೀ ಮೊದ್ಲು!" ಎಂದು ಕೂಗಿದ. ಅಳಿಸುವ ಗುಂಡಿ ನಾನಿನ್ನೂ ಮಾಡಿರಲಿಲ್ಲ. ಅಂತೂ ಮೇಜು ನನಗೇ ಉಳಿಯಿತು. ದೋಷ ಹುಡುಕಿದ್ದು ನಾನೆಂದೇ ರೇಡಿಯೊದವನಿಗೆ ಹೇಳಿದ್ದೇನೆ. ನಿಮ್ಮಪ್ಪ ಪಾಪ, ಕೆಮ್ಮಿ ಕಂದು ಕಾಗದ ಸುತ್ತಿಟ್ಟುಕೊಂಡರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗಾಳಿ ಎಷ್ಟು ಬೀಸಿದರೂ ನೀನು ನಗುನಗುತ್ತಾ ಇರು, ನೂರು ಕಾಲ ಬಾಳು.

ನಿನ್ನ ಮಹಾಮೇಧಾವಿ
ಸೋದರಮಾವ

ಮರೆತಿದ್ದೆ, ಕಾಗದವನ್ನು ಅಂಚೆಡಬ್ಬಿಗೆ ಹಾಕುವ ಹುಡುಗ ಬಾಗಿಲಲ್ಲೇ ನಿಂತಿದ್ದಾನೆ: ಮೇಜು ಗೆದ್ದೆನೇ ಹೊರತು ಕೂರಲು ಜಾಗ ಸಿಕ್ಕಿಲ್ಲ, ಈ ಕಾಗದ ಬರೆಯುತ್ತಿರುವುದೂ ನೆಲದ ಮೇಲೆಯೇ. ಮಧ್ಯಾಹ್ನದಿಂದ ನಿಮ್ಮಪ್ಪ ಮೇಜು ಬಿಟ್ಟು ಎದ್ದಿಲ್ಲ. ಇನ್ನೊಂದು ಯಂತ್ರ ತಾವೇ ಮಾಡುತ್ತಾರಂತೆ. ನಾನು ಹೇಳಿಕೊಡುತ್ತೇನೆ ಅಂದರೆ "ಬೀಗ ಹಾಕೋನ ಹತ್ರ ನಂಗೆ ಪಾಠ ಬೇಡ, ಮಗಳ ಹತ್ರ ಕಲೀತೀನಿ" ಎನ್ನುತ್ತಾರೆ. ಎರಡು ವರ್ಷದಿಂದ ಅಷ್ಟು ಎತ್ತರಕ್ಕೆ ಬರಲಾರೆ ಎನ್ನುತ್ತಿದ್ದವರು ಮುಂದಿನ ತಿಂಗಳ ಮೂರನೇ ತಾರೀಖಿನ ಬಸ್ಸಿಗೆ ಟಿಕೆಟ್ ಮಾಡಿಸಿದ್ದಾರೆ, ಕಂದು ಕಾಗದದ ಸುರುಳಿ ಸಮೇತ. ನಿನಗೆ ಹೇಳಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಬಾಗಿಲು ತೆಗೆದಾಗ ಚೆನ್ನಾಗಿ ಬೆಚ್ಚಿಬೀಳು.